ಮಧ್ಯದ ಸಾಲಿಗೆ ಮರಳಿದ ಚೀಟಿ

ಪ್ರೀತಿಯ ತಂಗಿ, ನಮ್ಮ ಆಫೀಸಿನ 'ಆದ್ರೆ' ಮಹಾರಾಯ್ತಿಗೆ,

ಎದುರಿನ ಮೇಜಿನಲ್ಲೇ ಕೂತಿರುವವಳಿಗೆ ಅಣ್ಣ ಕಾಗದ ಯಾಕೆ ಬರೆದ ಎಂದು ನಗಬೇಡ. ನಾಳೆಯಿಂದ ತಂಡವನ್ನು ನಡೆಸುವವಳು ನೀನು. ಅದಕ್ಕೆ ಮೊದಲು ಹೇಳಲೇಬೇಕಾದ ಮಾತೊಂದು ಮೂರು ವರ್ಷದಿಂದ ನನ್ನ ಗಂಟಲಲ್ಲೇ ಕೂತಿದೆ. ಬಾಯಲ್ಲಿ ಹೇಳಹೊರಟರೆ ತಮಾಷೆಯ ಕಡೆಗೆ ಜಾರಿಕೊಳ್ಳುತ್ತೇನೆ, ನಿನಗೇ ಗೊತ್ತು.

ನೆನಪಿದೆಯಾ, ನಾವು ಒಂಬತ್ತು ಜನ, ಮಹಡಿಯ ಮೇಲೆ ಒಂದೇ ಕೋಣೆ, ಕೆಳಗೆ ಬೀಗ ರಿಪೇರಿ ಅಂಗಡಿಯವನ ಅರ ಉಜ್ಜುವ ಸದ್ದು. ಆಸ್ಪತ್ರೆಯ ಔಷಧಿ ಕೌಂಟರಿಗೆಂದು ಎಂಟು ತಿಂಗಳು ಬಾಗಿಲು ಹಾಕಿಕೊಂಡು ಸಾಫ್ಟ್‌ವೇರ್ ಬರೆದು ಒಯ್ದರೆ, ಅಲ್ಲಿನ ಫಾರ್ಮಸಿಸ್ಟ್ ಮೇಡಂ ಐದು ನಿಮಿಷ ನೋಡಿ, "ಚೆನ್ನಾಗೇನೋ ಇದೆ. ನನ್ನ ಒಂದು ಕೈಯಲ್ಲಿ ಯಾವಾಗ್ಲೂ ಮಾತ್ರೆ ಇರುತ್ತೆ. ಇದಕ್ಕೆ ಎರಡೂ ಕೈ ಬೇಕಲ್ಲಪ್ಪಾ?" ಎಂದರು. ಎಂಟು ತಿಂಗಳಲ್ಲಿ ಒಮ್ಮೆಯೂ ನಾವು ಅವರ ಕೈ ನೋಡಿರಲಿಲ್ಲ.

ಆ ಪೆಟ್ಟು ತಿಂದ ಮೇಲೆ ಅಜೈಲ್ ವಿಧಾನ ಹಿಡಿದೆವು. ದೊಡ್ಡ ಕೆಲಸವನ್ನು ಎರಡೆರಡು ವಾರದ ತುಂಡು ಮಾಡುವುದು, ಪ್ರತಿ ತುಂಡನ್ನೂ ಬಳಸುವವರಿಗೆ ತೋರಿಸಿ ಕೇಳುವುದು, ದಿನಾ ಬೆಳಿಗ್ಗೆ ಹತ್ತು ನಿಮಿಷ ನಿಂತೇ ಸಭೆ. "ನಿಮ್ಮ ಆಫೀಸಲ್ಲಿ ಕುರ್ಚಿಗೂ ಗತಿ ಇಲ್ವೇನೋ?" ಎಂದು ಅಮ್ಮ ಮರುಗಿದ್ದಳು. ಗೋಡೆಯ ಮೇಲೆ ಮೂರು ಸಾಲು: ಮಾಡಬೇಕು, ನಡೆಯುತ್ತಿದೆ, ಮುಗಿದಿದೆ. ಒಂದೊಂದು ಕೆಲಸಕ್ಕೆ ಒಂದೊಂದು ಹಳದಿ ಚೀಟಿ. ಎರಡೇ ವಾರದಲ್ಲಿ 'ಮುಗಿದಿದೆ' ಸಾಲು ತುಂಬಿ ತುಳುಕಿತು, ನಾನು ಹಿಗ್ಗಿ ಹೀರೇಕಾಯಿಯಾದೆ. ಕೆಲಸ ಪರೀಕ್ಷಿಸುವವಳು ನೀನು, ದಿನಾ "ಮುಗಿದಿದೆ, ಆದ್ರೆ..." ಎಂದು ಶುರುಮಾಡುತ್ತಿದ್ದೆ. ಅದೇ ನಿನ್ನ ಹೆಸರಾಯಿತು.

'ಒಂದೇ ಹೆಸರಿನ ಇಬ್ಬರು ರೋಗಿಗಳು' ಎಂಬ ಚೀಟಿ ನನ್ನದು. ಅಂಥ ಇಬ್ಬರು ಒಂದೇ ದಿನ ಬಂದರೆ ಎರಡನೆಯವರ ಔಷಧಿ ಮೊದಲನೆಯವರ ಹಾಳೆಗೆ ಹೋಗಿ ಕೂರುತ್ತದೆ ಎಂದು ನೀನು ಮೂರು ಸಲ ಹೇಳಿದ್ದೆ. "ಅದೆಲ್ಲ ವರ್ಷಕ್ಕೊಂದ್ಸಲ ಆಗೋ ಮಾತು" ಎಂದು ತಳ್ಳಿಹಾಕಿ, ಮೇಡಂ ನೋಡಲು ಬರುವ ದಿನ ನಾನೇ ಆ ಚೀಟಿಯನ್ನು ಕೊನೆಯ ಸಾಲಿಗೆ ಅಂಟಿಸಿದೆ. ನೀನು ಎಲ್ಲರೆದುರಿಗೆ ಅದನ್ನು ಕಿತ್ತು ಮಧ್ಯದ ಸಾಲಿಗೆ ವಾಪಸ್ ತಂದೆ.

"ನನ್ನ ಚೀಟಿ ಮುಟ್ಟೋಕೆ ನೀನ್ಯಾರೇ? ತಂಗಿ ಅಂತ ತಾನೇ ನಿನ್ನ ಇಲ್ಲಿ ಇಟ್ಕೊಂಡಿರೋದು!" ಎಂದುಬಿಟ್ಟೆ.

ನಿನ್ನ ಕಣ್ಣು ತುಂಬಿತು. ಕೈ ಮಾತ್ರ ಚೀಟಿಯಿಂದ ಕದಲಲಿಲ್ಲ. "ಮನೇಲಿ ನೀನು ದೊಡ್ಡೋನು, ಅಣ್ಣಾ. ಈ ಗೋಡೆ ಮುಂದೆ ಎಲ್ರದ್ದೂ ಒಂದೇ ಎತ್ತರ ಅಂತ ನೀನೇ ಹೇಳಿದ್ದೆ. ಮುಗಿದಿಲ್ಲ ಅಂದ್ರೆ ಮುಗಿದಿಲ್ಲ."

ಅಷ್ಟರಲ್ಲಿ ಮೇಡಂ ಮೆಟ್ಟಿಲು ಹತ್ತಿ ಬಂದರು. ಸೋಮವಾರದಿಂದ ಕೌಂಟರಿನಲ್ಲಿ ಬಳಸುವುದೆಂದು ನಿಗದಿಯಾಗಿತ್ತು. ಆ ಆಸ್ಪತ್ರೆಯೇ ನಮಗಿದ್ದ ಏಕೈಕ ಗಿರಾಕಿ. ಇನ್ನೊಮ್ಮೆ ಎಡವಿದರೆ ಕಂಪನಿಗೆ ಬೀಗವೇ. ಗೋಡೆ ನೋಡುತ್ತ, "ಈ ಚೀಟಿ ಯಾಕೆ ನಡುವೆ ನಿಂತಿದೆ?" ಎಂದು ನಿನ್ನನ್ನು ಕೇಳಿದರು. ನೀನು ಅಲ್ಲೇ ನನ್ನ ಮಾನ ಹರಾಜು ಹಾಕಬಹುದಿತ್ತು. ಹಾಕಲಿಲ್ಲ. ಸುಮ್ಮನೆ ನನ್ನ ಮುಖ ನೋಡಿದೆ, ಚಿಕ್ಕವಳಿದ್ದಾಗ ಲೆಕ್ಕ ಹೇಳಿಕೊಡು ಎಂದು ನೋಡುತ್ತಿದ್ದ ಹಾಗೆ. ತಡೆಯಲಾಗಲಿಲ್ಲ. "ಮುಗಿದಿಲ್ಲ ಮೇಡಂ. ಮುಗಿದಿದೆ ಅಂತ ನಾನೇ ಸುಳ್ಳು ಅಂಟಿಸಿದ್ದೆ" ಎಂದೆ.

ಬೈಗುಳಕ್ಕೆ ಕಾದು ನಿಂತೆ. ಅವರು ಕುರ್ಚಿ ಎಳೆದು ಕೂತರು. "ಸದ್ಯ, ಈಗ್ಲೇ ಹೇಳಿದ್ರಿ! ನಮ್ಮಲ್ಲಿ ಒಂದೇ ಹೆಸರಿನ ಇಬ್ಬರು ಅಜ್ಜಿಯರಿದ್ದಾರೆ ಕಣ್ರೀ. ವಾರವಾರ ಒಂದೇ ಬೆಂಚಲ್ಲಿ ಕೂತು ಯಾರ ಕಾಯಿಲೆ ದೊಡ್ಡದು ಅಂತ ಜಗಳ ಆಡ್ತಾರೆ. ಒಬ್ಬರ ಸಕ್ಕರೆ ಮಾತ್ರೆ ಇನ್ನೊಬ್ಬರಿಗೆ ಹೋದ್ರೆ..." ಎರಡು ವಾರ ತಡವಾದರೂ ಸರಿಮಾಡಿಯೇ ಕೊಡಿ ಎಂದರು. ಹೊರಡುವಾಗ ನಿನ್ನ ಕಡೆ ಕೈ ತೋರಿಸಿ, "ಇವಳನ್ನ ಮಾತ್ರ ಕಳ್ಕೋಬೇಡಿ" ಎಂದರು.

ಇಂದು ನಾಲ್ಕು ಆಸ್ಪತ್ರೆಗಳಲ್ಲಿ ನಮ್ಮ ಕೆಲಸ ನಡೆಯುತ್ತಿದೆ. ಅಜ್ಜಿಯರಿಬ್ಬರೂ ಗಟ್ಟಿಮುಟ್ಟಾಗಿದ್ದಾರೆ, ಜಗಳ ಇನ್ನೂ ತೀರ್ಮಾನವಾಗಿಲ್ಲವಂತೆ. ಹೊಸಬರು ಬಂದು ಅಜೈಲ್ ಅಂದರೇನು ಎಂದು ಕೇಳಿದರೆ ನಾನು ತರಬೇತಿಯ ಹಾಳೆ ಕೊಡುವುದಿಲ್ಲ. ತಂಗಿಯೊಬ್ಬಳು ಅಣ್ಣನ ಚೀಟಿ ಕಿತ್ತ ಕತೆ ಹೇಳುತ್ತೇನೆ. ಹೇಳುವಾಗ ನನ್ನ ಎದೆ ಎಷ್ಟು ಉಬ್ಬುತ್ತದೆಂದರೆ, ಕೇಳಿದವರು ಚೀಟಿ ಕಿತ್ತವನು ನಾನೇ ಅಂದುಕೊಳ್ಳಬೇಕು!

ಆದರೆ ನಡುವಿನ ಆ ಒಂದು ಮಾತನ್ನು ಮಾತ್ರ ಕತೆಯಿಂದ ಬಿಟ್ಟುಬಿಡುತ್ತ ಬಂದೆ. ತಂಗಿ ಅಂತ ಇಟ್ಟುಕೊಂಡಿದ್ದೇನೆ ಎಂದದ್ದು ಶುದ್ಧ ಸುಳ್ಳು. ತಪ್ಪಾಯಿತಮ್ಮಾ. ನಾಳೆ ನಿನಗೆ ತಂಡ ಒಪ್ಪಿಸುತ್ತಿರುವುದೂ ತಂಗಿಯೆಂದಲ್ಲ.

ಅಂದಿನ ಚೀಟಿಯನ್ನು ಇದರ ಜೊತೆ ಇಟ್ಟಿದ್ದೇನೆ. ಅಂಟು ಹೋಗಿದೆ, ಮೂಲೆ ಮಡಚಿಕೊಂಡಿದೆ. ಅದರ ಹಿಂದೆ 'ತಂಗಿಯ ಕ್ಷಮೆ ಕೇಳುವುದು' ಎಂದು ಬರೆದಿದ್ದೇನೆ. ಅದು ಮುಗಿಯಿತು ಎಂದು ನಾನೇ ಹೇಳಿಕೊಳ್ಳುವಂತಿಲ್ಲ. ನೀನೇ ನೋಡಿ, ಯಾವ ಸಾಲಿಗೆ ಸೇರಬೇಕೋ ಅಲ್ಲಿ ಅಂಟಿಸು.

ನಿನ್ನ ಬಾಯಲ್ಲಿ 'ಆದ್ರೆ' ಎಂದೂ ಬತ್ತದಿರಲಿ. ನೂರ್ಕಾಲ ಚೆನ್ನಾಗಿರು.

ಮನೆಯಲ್ಲಿ ದೊಡ್ಡವನು, ಗೋಡೆಯ ಮುಂದೆ ನಿನ್ನಷ್ಟೇ ಎತ್ತರದವನು,
ನಿನ್ನ ಅಣ್ಣ