ಎಮ್ಮೆಯ ಹೊಟ್ಟೆಯಲ್ಲಿ ಸಿಕ್ಕ ಪರಿಸರ ದಿನ

ಹಸಿರು ಪಟ್ಟಣ ಯೋಜನೆಯ ಮಾನ್ಯ ಅಧಿಕಾರಿಗಳೇ,

ಗೋದುಬಾಯಿಯ ಎಮ್ಮೆಯನ್ನು ಕೊಂದವರು ತಾವು. ಸತ್ತ ಆ ಎಮ್ಮೆಯಿಂದ ಪರಿಸರ ಕೆಟ್ಟಿತೆಂದು ನೋಟೀಸು ಕೊಟ್ಟು, ಗೋದುಬಾಯಿಯನ್ನು ಅವಳ ದಡ್ಡಿ, ಆ ಗೌಳಿಗರ ಕೇರಿಯಿಂದಲೇ ಎಬ್ಬಿಸಲು ಹೊರಟವರೂ ತಾವೇ. ಜೂನ್ ಐದರಂದು ವಿದೇಶದ ಅತಿಥಿಗಳು ಬರುವ ಮುಂಚೆ ಅವಳ ಗುಡಿಸಲು, ಉಳಿದ ಎಮ್ಮೆಗಳು, ಅವಳು, ಎಲ್ಲವೂ ಕಣ್ಮರೆಯಾಗಬೇಕೆಂದು ಅಪ್ಪಣೆ ಆಗಿದೆ. ಅನ್ಯಾಯ ಆಗಿದೆ ಎಂದು ಎಮ್ಮೆ ಸತ್ತಾಗಲೇ ಕಚೇರಿಗೆ ಬಂದು ಹೇಳಿದೆ. ತಮಗೆ ಕೇಳಿಸಲಿಲ್ಲ. ಹಾಗಾಗಿ ಊರಿಗೆಲ್ಲ ಕೇಳಿಸುವಂತೆ ಬರೆಯುತ್ತಿದ್ದೇನೆ.

ನಾನು ಬಸ್ ಸ್ಟ್ಯಾಂಡಿನ ಎದುರಿಗಿರುವ ಪೇಂಟರ್. ಊರಿನಲ್ಲಿ ತಮ್ಮ ಹಸಿರು ಎಲ್ಲೆಲ್ಲಿ ಕಾಣುತ್ತದೆಯೋ ಅದರಲ್ಲಿ ಮುಕ್ಕಾಲು ಪಾಲು ನನ್ನ ಡಬ್ಬಿಯಿಂದ ಹೋದದ್ದು. ಸಂತೆಪೇಟೆಯ ಗೋಡೆಯ ಮೇಲೆ ‘ವೃಕ್ಷವನ್ನು ಪೂಜಿಸುವ ದೇಶಕ್ಕೆ ಸುಸ್ವಾಗತ’ ಎಂದು ಆಳೆತ್ತರದ ಅಕ್ಷರಗಳಲ್ಲಿ ಬರೆದವನು ನಾನೇ. ಬರೆಯುವಾಗ ಮೂಗಿಗೆ ವಸ್ತ್ರ ಕಟ್ಟಿಕೊಂಡಿದ್ದೆ, ಏಕೆಂದರೆ ಆ ಗೋಡೆಯ ಬುಡದಲ್ಲೇ ಊರಿನ ಗಟಾರು ಹರಿಯುತ್ತದೆ. ತಾವು ಜೀಪಿನಲ್ಲಿ ಬಂದು, ಗಾಜು ಇಳಿಸದೆಯೇ ನೋಡಿ, ಚೆನ್ನಾಗಿದೆ ಎಂದು ತಲೆ ಅಲ್ಲಾಡಿಸಿ ಹೋದಿರಿ.

ಹೌದು, ನಮ್ಮದು ಪೂಜಿಸುವ ದೇಶ. ಅದರಲ್ಲಿ ಸುಳ್ಳೇನಿಲ್ಲ. ಗಿಡಕ್ಕೆ ದಾರ ಸುತ್ತುತ್ತೇವೆ, ನದಿಗೆ ಅರಿಷಿಣ ಕುಂಕುಮ ಏರಿಸುತ್ತೇವೆ. ಪೂಜೆ ಮುಗಿದ ಮೇಲೆ ಬಾಡಿದ ಹೂವು, ಕರ್ಪೂರದ ಪೊಟ್ಟಣ, ಊದಿನಕಡ್ಡಿಯ ಡಬ್ಬಿ, ಎಲ್ಲವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಗಂಟು ಬಿಗಿದು ಅದೇ ನದಿಗೆ ಎಸೆಯುತ್ತೇವೆ. ಚೀಲ ಮುಳುಗದೆ ತೇಲಿದರೆ ಕಲ್ಲು ಹೊಡೆದು ಮುಳುಗಿಸುತ್ತೇವೆ. ಇಷ್ಟು ಶ್ರದ್ಧೆ ಇನ್ನಾವ ದೇಶದಲ್ಲಿ ಇದ್ದೀತು? ಪರದೇಶದವರು ಇದನ್ನು ನೋಡಲು ವಿಮಾನ ಹತ್ತಿ ಬರುವುದರಲ್ಲಿ ಆಶ್ಚರ್ಯವಿಲ್ಲ. ಅವರಿಗೆ ತೋರಿಸುವ ನಮ್ಮ ಕಾಡು, ಹಕ್ಕಿ, ಹೊಳೆ ಯಾವುದೂ ತಾವು ಮಾಡಿದ್ದಲ್ಲ. ತಾವು ಇಲ್ಲಿಗೆ ವರ್ಗವಾಗಿ ಬರುವ ಮುಂಚೆಯೇ ಅವು ಇದ್ದವು. ತಾವು ಸ್ವಂತ ಮಾಡಿದ್ದು ಒಂದೇ, ಅದು ‘ಹಸಿರು ವನ’.

ಹಸಿರು ವನದ ಹುಟ್ಟಿನ ಕಥೆ ಅತಿಥಿಗಳಿಗೆ ತಿಳಿಯದು, ಊರಿನವರಿಗೆ ತಿಳಿದಿದೆ. ಅದು ದಾಂಡೇಲಿ ರಸ್ತೆಯ ಪಕ್ಕದ ತಗ್ಗು. ವರ್ಷಗಟ್ಟಲೆ ಊರಿನ ಕಸವನ್ನೆಲ್ಲ ಟ್ರ್ಯಾಕ್ಟರಿನಲ್ಲಿ ತಂದು ಅಲ್ಲೇ ಸುರಿದರು. ಹೋದ ವರ್ಷ ಹಸಿರು ಪಟ್ಟಣ ಪ್ರಶಸ್ತಿಯ ಸಮಿತಿ ಬರುತ್ತದೆ ಎಂಬ ಸುದ್ದಿ ಬಂದ ಕೂಡಲೇ ತಾವು ಕಸವನ್ನು ತೆಗೆಸಿದಿರಾ? ಇಲ್ಲ. ಅದರ ಮೇಲೆ ಮಣ್ಣು ಹಾಕಿಸಿದಿರಿ. ಮಣ್ಣು ಹೊತ್ತವಳು ಮಾಗ್ದಲೀನಾ. ಪಕ್ಕದ ಸಿದ್ದಿಯರ ಕೇರಿಯಿಂದ ಕೂಲಿಗೆ ಬಂದವಳು. ಅವಳ ಮಾತನ್ನೇ ಬರೆಯುತ್ತೇನೆ: “ಕಸಾ ಕಾಣಬಾರದು, ಗೇಣು ಮಣ್ಣ ಸಾಕು ಅಂದ್ರು ಸಾಹೇಬ್ರು. ಕಣ್ಣಿಗೆ ಕಾಣಂಗಿಲ್ಲ ಖರೆ, ಮೂಗಿಗೇನ ಮಾಡ್ತೀರಿ ಅಂತ ಕೇಳಿದೆ. ಸಮಿತಿಯವ್ರು ಕಾರಿನಾಗಿಂದ ಇಳಿಯಂಗಿಲ್ಲ, ನೀ ಬುಟ್ಟಿ ಹೊರು ಅಂದ್ರು.” ಸಮಿತಿಯವರು ಇಳಿಯಲಿಲ್ಲ. ಪ್ರಶಸ್ತಿ ಬಂತು. ತಮ್ಮ ದೂರದೃಷ್ಟಿಯನ್ನು ಮೆಚ್ಚಲೇಬೇಕು.

ಮಳೆ ಬಿತ್ತು. ಕೆಳಗೆ ಅಷ್ಟೊಂದು ಗೊಬ್ಬರ ಇದ್ದ ಮೇಲೆ ಹುಲ್ಲು ಬಾರದೆ ಇರುತ್ತದೆಯೇ? ತಂತಿಬೇಲಿಯೊಳಗೆ ಮೊಣಕಾಲೆತ್ತರ ಎದ್ದು ನಿಂತಿತು, ತಗ್ಗಿನ ತೇವಕ್ಕೆ ಬೇಸಿಗೆಯಲ್ಲೂ ಒಣಗಲಿಲ್ಲ. ಆಚೆ ಹಳ್ಳದ ದಂಡೆಯಲ್ಲಿ ಗೌಳಿಗರ ದಡ್ಡಿ ಇದೆ, ಅದರಲ್ಲಿ ಗೋದುಬಾಯಿಯ ಮನೆ. ಅವಳ ಮನೆತನದಲ್ಲಿ ಒಂದು ರೂಢಿ. ಎಮ್ಮೆ ಈದ ಮೇಲೆ, ಮೊದಲ ಬೆಣ್ಣೆಯನ್ನು ದೇವರಿಗೆ ಇಡುವ ತನಕ, ಅದಕ್ಕೆ ಯಾವ ದನವೂ ಕಾಲಿಡದ ನೆಲದ ಹುಲ್ಲನ್ನೇ ಮೇಯಿಸಬೇಕು. ಕೊಯ್ದು ತಂದು ಹಾಕಿದರೆ ನಡೆಯದು. ಎಮ್ಮೆ ತಾನೇ ಬಾಯಿ ಹಾಕಿ ಕಿತ್ತು ತಿನ್ನಬೇಕು. ಅವಳ ಅತ್ತೆಯ ಕಾಲದಲ್ಲಿ ಅಂಥ ನೆಲ ಎಲ್ಲೆಂದರಲ್ಲಿ ಸಿಗುತ್ತಿತ್ತು. ಈಗ ಕಾಡಿನೊಳಗೆ ಬಿಡುವುದಿಲ್ಲ, ಊರಿನ ಸುತ್ತ ಹುಲ್ಲು ಬೆಳೆಯುವ ಬೇಣವೇ ಉಳಿದಿಲ್ಲ. ಹುಡುಕಿ ಹುಡುಕಿ ಸಾಕಾದವಳ ಕಣ್ಣಿಗೆ ತಮ್ಮ ಬೇಲಿ ಬಿತ್ತು. ಹಳೆಯ ಕಸವನ್ನೆಲ್ಲ ಸಾಹೇಬರು ಎತ್ತಿಸಿ ಹೊಸ ಮಣ್ಣು ಹಾಕಿಸಿದ್ದಾರೆ ಎಂದೇ ಅವಳು ನಂಬಿದ್ದಳು. ಒಳಗೆ ಒಂದು ದನವೂ ಹೋಗಿಲ್ಲ, ಗೇಟಿಗೆ ಬೀಗ, ಸರಕಾರದ ಕಾವಲು. ಇದಕ್ಕಿಂತ ಶುದ್ಧವಾದ ನೆಲ ಎಲ್ಲಿ ಸಿಕ್ಕೀತು ಎಂದುಕೊಂಡಳು ಆ ತಾಯಿ.

ಕದ್ದು ನುಗ್ಗಿಸಲಿಲ್ಲ, ಕೇಳಿಯೇ ಹೋದಳು. ಕಾವಲುಗಾರ ಯಲ್ಲಪ್ಪ, “ಹೊಡ್ಕೊಂಡ ಬಾರಬೇ ಬಾಯಿ, ಹುಲ್ಲ ಕೊಯ್ಸೂದರ ತಪ್ಪತೈತಿ” ಎಂದು ಬೀಗ ತೆಗೆದ. ಆತ ಹೊಸದಾಗಿ ಬಂದವನು, ಅಡಿಯಲ್ಲಿ ಏನಿದೆಯೆಂದು ಅವನಿಗೆ ಯಾರು ಹೇಳಿದ್ದರು? ಎಮ್ಮೆ ದಿನಾ ಮೇಯ್ದಿತು. ಗೇಣುದ್ದದ ಮಣ್ಣಿನಲ್ಲಿ ಹುಲ್ಲಿನ ಬೇರು ಎಲ್ಲಿಗೆ ಹೋಗಬೇಕು? ಚೀಲಗಳ ನಡುವೆ ಹೆಣೆದುಕೊಂಡಿತ್ತು. ಕಿತ್ತಾಗೆಲ್ಲ ಬೇರಿನ ಸಮೇತ ಪ್ಲಾಸ್ಟಿಕ್ಕೂ ಎದ್ದು ಬಂತು. ಅದರಲ್ಲಿ ಉಪ್ಪಿನಕಾಯಿಯ ಉಪ್ಪು, ಸಾರಿನ ವಾಸನೆ. ಎಮ್ಮೆಗೆ ಉಪ್ಪೆಂದರೆ ಪ್ರಾಣ. ಒಂದು ದಿನ ಮೆಲುಕು ಹಾಕುವುದನ್ನು ನಿಲ್ಲಿಸಿತು. ಹೊಟ್ಟೆ ಉಬ್ಬಿತು. ಗೋದುಬಾಯಿ ಅಜವಾನ ಅರೆದು ಕುಡಿಸಿದಳು, ಪಕ್ಕೆ ತಿಕ್ಕಿದಳು, ಕಿವಿಯಲ್ಲಿ ಅದರ ಹೆಸರು ಕರೆದಳು. ಕರು ಕೆಚ್ಚಲಿಗೆ ಬಾಯಿ ಹಚ್ಚಿರುವಾಗಲೇ ಎಮ್ಮೆ ಕೆಳಗೆ ಬಿತ್ತು, ಏಳಲಿಲ್ಲ.

ದನದ ಡಾಕ್ಟರು ಬಂದು ಹೊಟ್ಟೆ ಕೊಯ್ದರು. ಗೋದುಬಾಯಿ ದಿನದ ಹಾಲನ್ನು ನನ್ನ ಮನೆಗೆ ಕೊಡುವವಳು, ಅಳುತ್ತ ಕರೆಯ ಬಂದಿದ್ದರಿಂದ ನಾನೂ ಅಲ್ಲಿದ್ದೆ. ತಾವು ಇರಬೇಕಿತ್ತು. ಜಿಲ್ಲೆಯ ಪ್ರದರ್ಶನದಲ್ಲೂ ಅಷ್ಟು ಬಗೆಯ ಸಾಮಾನನ್ನು ನಾನು ನೋಡಿಲ್ಲ. ಮಿಠಾಯಿ ಅಂಗಡಿಯ ಚೀಲ, ಗುಟ್ಕಾ ಚೀಟಿಗಳ ಸರ, ಹಾಲಿನ ಪಾಕೀಟು. ಹಾಲು ಕೊಡುವ ಪ್ರಾಣಿಯ ಹೊಟ್ಟೆಯಿಂದ ಹಾಲಿನ ಪಾಕೀಟು ತೆಗೆಯುವುದನ್ನು ನೋಡಿ ಡಾಕ್ಟರಿಗೇ ನಾಚಿಕೆಯಾಯಿತು. ಕೂದಲಿಗೆ ಹಚ್ಚುವ ಕರಿಬಣ್ಣದ ಪೊಟ್ಟಣವೂ ಒಂದಿತ್ತು. ಅದು ತಮ್ಮದೇ ಎಂದು ನಾನು ಹೇಳಲಾರೆ, ಊರಲ್ಲಿ ಹಚ್ಚಿಕೊಳ್ಳುವವರು ಬಹಳ ಮಂದಿ. ಆದರೆ ಕೊನೆಗೆ ಮುದ್ದೆಯಾಗಿ ಬಂದದ್ದು ತಮ್ಮದೇ. ಅಂಗೈಯಗಲದ ಹಸಿರು ಪ್ಲಾಸ್ಟಿಕ್ ಬಾವುಟಗಳು. ಪ್ರತಿಯೊಂದರ ಮೇಲೂ ‘ಪರಿಸರ ಉಳಿಸಿ’.

ಆ ಅಕ್ಷರಗಳು ನನ್ನವು, ತೊಳೆದು ನೋಡುವ ಮೊದಲೇ ಗುರುತು ಹತ್ತಿತು. ಹಿಂದಿನ ಪರಿಸರ ದಿನದ ಮೆರವಣಿಗೆಗಾಗಿ ತಾವು ಅಚ್ಚು ಹಾಕಿಸಿದ್ದು. ಅಂಗಡಿಯಲ್ಲಿ ನಿಂತು ನಾನು ತಮಗೆ ಹೇಳಿದ್ದೆ, ಅರಿವೆಯ ಬಾವುಟ ಮಾಡೋಣ ಸಾಹೇಬರೇ ಎಂದು. ಪ್ಲಾಸ್ಟಿಕ್ ಆದರೆ ಮಳೆ ಬಂದರೂ ಮಿಂಚುತ್ತದೆ, ಫೋಟೋದಲ್ಲಿ ಚೆನ್ನಾಗಿ ಬರುತ್ತದೆ ಎಂದಿರಿ. ನಿಜ. ಎಮ್ಮೆಯ ಹೊಟ್ಟೆಯಲ್ಲಿ ಅಷ್ಟು ದಿನ ಇದ್ದರೂ ಬಣ್ಣ ಮಾಸಿರಲಿಲ್ಲ.

ಗೋದುಬಾಯಿಯನ್ನು ಕರೆದುಕೊಂಡು ತಮ್ಮ ಕಚೇರಿಗೆ ಬಂದದ್ದು ಮರುದಿನ. ತಾವು ಬಾಟಲಿಯ ನೀರು ಕುಡಿಯುತ್ತ, ಆಕೆಗೆ ಕೂಡಲು ಹೇಳದೆ, ನನ್ನನ್ನು ನೋಡಿ ಮಾತಾಡಿದಿರಿ. “ಏನ್ರೀ, ಎಮ್ಮೆಗೆ ಯಾವುದು ಹುಲ್ಲು ಯಾವುದು ಕಸ ಅಂತ ಗೊತ್ತಾಗೋದಿಲ್ವಾ?” ಎಂದಿರಿ. ತಮ್ಮ ಪ್ರಶಸ್ತಿ ಸಮಿತಿಗೆ ಗೊತ್ತಾಗದ್ದು ಎಮ್ಮೆಗೆ ಗೊತ್ತಾಗಬೇಕಿತ್ತೇ? ಅಲ್ಲಿ ಕಸ ಇದೆಯೆಂದು ಬೋರ್ಡು ಹಾಕಿಸಿದ್ದಿರೇ? ನಾನು ಹಾಗೆ ಕೇಳಿದ್ದಕ್ಕೆ ತಾವು ದನಿ ತಗ್ಗಿಸಿದಿರಿ. “ವಿದೇಶಿ ಪ್ರತಿನಿಧಿಗಳು ಬರ್ತಿದ್ದಾರೆ. ಇದು ದೇಶದ ಮರ್ಯಾದೆ ಪ್ರಶ್ನೆ. ಈ ಎಮ್ಮೆ ವಿಷಯ ದೊಡ್ಡದು ಮಾಡಬೇಡಿ.” ದೇಶದ ಮರ್ಯಾದೆ ಗೇಣು ಮಣ್ಣಿನ ಕೆಳಗೆ ಇರುತ್ತದೆ ಎಂದು ಅವತ್ತೇ ನನಗೆ ತಿಳಿದದ್ದು.

ನಾಲ್ಕು ದಿನಕ್ಕೆ ನೋಟೀಸು ಬಂತು. ಓದು ಬಾರದವಳು ನನ್ನ ಅಂಗಡಿಗೆ ತಂದಳು. ‘ಸದರಿ ಮಹಿಳೆಯು ಹಸಿರು ವನದಲ್ಲಿ ಅಕ್ರಮವಾಗಿ ಜಾನುವಾರು ಮೇಯಿಸಿ, ಸತ್ತ ಜಾನುವಾರಿನಿಂದ ಪರಿಸರ ಮಾಲಿನ್ಯ ಉಂಟುಮಾಡಿದ್ದು, ಜೂನ್ ಐದರ ಒಳಗಾಗಿ ದಡ್ಡಿಯಲ್ಲಿನ ತನ್ನ ವಾಸಸ್ಥಳವನ್ನು ತೆರವುಗೊಳಿಸತಕ್ಕದ್ದು.’ ನಾನು ಅವಳಿಗೆ ಓದಿ ಹೇಳಿದೆ. ತೋಳತುಂಬ ಇದ್ದ ಹಿತ್ತಾಳೆ ಬಳೆಗಳನ್ನು ಮೇಲೆ ಕೆಳಗೆ ಸರಿಸುತ್ತ ಕೇಳಿದಳು: “ಮಾಲಿನ್ಯ ಅಂದ್ರ ಏನ್ರಿ ಅಣ್ಣಾರ?”

ಅವಳು ಹುಟ್ಟಿದಂದಿನಿಂದ ಅಂಗಡಿಯಿಂದ ಒಂದು ಪ್ಲಾಸ್ಟಿಕ್ ಚೀಲವನ್ನೂ ಮನೆಗೆ ಒಯ್ದವಳಲ್ಲ. ಉಪ್ಪನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗುತ್ತಾಳೆ, ಹಾಲನ್ನು ಹಿತ್ತಾಳೆ ಚೆಂಬಿನಲ್ಲಿ ತರುತ್ತಾಳೆ, ಸಗಣಿಯನ್ನೂ ಬಿಸಾಡುವುದಿಲ್ಲ. ಅವಳಿಗೆ ಮಾಲಿನ್ಯದ ಆರೋಪ. ಯಾರಿಂದ? ಒಂದು ಸಭೆ ನಡೆಸಿದರೆ ಎರಡು ಬುಟ್ಟಿ ಪ್ಲಾಸ್ಟಿಕ್ ಲೋಟ ಕಿಟಕಿಯಿಂದ ಹೊರಗೆ ಹಾಕುವ ಕಚೇರಿಯಿಂದ. ಸ್ವಾಮೀ, ರಾತ್ರಿ ತಮಗೆ ನಿದ್ದೆ ಹೆಂಗೆ ಹತ್ತುತ್ತದೆ?

ಈಗ ಕೇಳಿಕೆ. ನೋಟೀಸನ್ನು ವಾಪಸು ತೆಗೆದುಕೊಳ್ಳಿ. ಹಸಿರು ವನವನ್ನು ಅಗೆಸಿ, ಕಸವನ್ನು ಎತ್ತಿಸಿ, ಈ ವರ್ಷದ ಮೊದಲ ಮಳೆ ಬಿದ್ದು ಅದರ ನೀರು ದಡ್ಡಿಯವರು ಕುಡಿಯುವ ಹಳ್ಳಕ್ಕೆ ಇಳಿಯುವ ಮುಂಚೆ. ಮಣ್ಣು ಹೊತ್ತ ಮಾಗ್ದಲೀನಾ ಅಗೆಯಲೂ ಬರುತ್ತೇನೆ ಎಂದಿದ್ದಾಳೆ, ಎಲ್ಲಿ ಎಷ್ಟು ಇದೆಯೆಂದು ಅವಳಿಗೆ ಗೊತ್ತಿದೆ.

ಇಷ್ಟು ಮಾಡಲು ತಮ್ಮ ಕೈಯಲ್ಲಿ ಆಗದಿದ್ದರೆ ಗೋದುಬಾಯಿಯದೇ ಒಂದು ಷರತ್ತು ಇದೆ, ನಿನ್ನೆ ಸಂಜೆ ಹೇಳಿ ಕಳಿಸಿದಳು: “ನಾ ದಡ್ಡಿ ಬಿಟ್ಟ ಹೊಕ್ಕೇನಿ. ಜಗಳಾ ಮಾಡಂಗಿಲ್ಲ. ಖರೆ ಆ ಪರದೇಶದ ಮಂದಿ ಮುಂದ ಸಾಹೇಬ್ರು ತಮ್ಮ ಬಾಯಿಲೇ ಹೇಳಬೇಕು, ಈ ಕಸಾ ಇಲ್ಲೇ ಇರತೈತಿ, ಈ ಹೆಣ್ಮಗಳು ಹೊಂಟಾಳು ಅಂತ. ಅಷ್ಟ ಕೇಳಿ ಎಮ್ಮಿ ಹೊಡ್ಕೊಂಡ ಹೊಕ್ಕೇನಿ.”

ಒಂದು ತಾಸು ಪರಿಸರದ ಬಗ್ಗೆ ಭಾಷಣ ಮಾಡುವವರಿಗೆ ಇದು ಒಂದೇ ವಾಕ್ಯ, ಅದೂ ನಿಜವಾದದ್ದು. ಐದನೇ ತಾರೀಖು ಅವಳು ತಾಯಿಯಿಲ್ಲದ ಕರುವನ್ನು ಹಿಡಿದುಕೊಂಡು ಹಸಿರು ವನದ ಗೇಟಿನ ಹತ್ತಿರ ನಿಂತಿರುತ್ತಾಳೆ. ಮನೆಯಲ್ಲಿ ಮರಾಠಿ ಆಡುವವಳು, ತಮ್ಮ ಕಡೆಯ ಕನ್ನಡ ಅವಳಿಗೆ ಬೇಗ ತಿಳಿಯುವುದಿಲ್ಲ. ದಯವಿಟ್ಟು ಸಾವಕಾಶ ಹೇಳಿ.

ಇಂತಿ,
ತಮ್ಮ ಹಸಿರಿಗೆ ಎರಡೆರಡು ಕೋಟು ಹೊಡೆದು, ಈಗ ಆ ಬಣ್ಣದ ವಾಸನೆಗೆ ಊಟ ಸೇರದಂತಾದ
ನಾಗಲಿಂಗಪ್ಪ, ಪೇಂಟರ್
ಹಳಿಯಾಳ ತಾಲ್ಲೂಕು, ಮೇ ೨೦೦೩