ಇಟ್ಟಂಗಿಗೆ ಖೋ ಕೊಡುವ ಹುಡುಗಿ

ಮೈದಾನದ ಬೀಗಕ್ಕೆ ಒಡೆಯರಾದ ಮಾನ್ಯ ಅಧಿಕಾರಿಗಳೇ,

ಶಹಾಪುರದ ನಮ್ಮ ಓಣಿಯ ಹಿಂದಿರುವ ಸರ್ಕಾರಿ ಮೈದಾನಕ್ಕೆ ಯುಗಾದಿಯ ಮರುವಾರದಿಂದ ಬೀಗ ಬಿದ್ದಿದೆ. ಬಿಸಿಲಿನಿಂದ ಮಕ್ಕಳನ್ನು ಕಾಪಾಡಲು ತಾವು ಹೊರಡಿಸಿದ ಆದೇಶವನ್ನು ಗೇಟಿಗೆ ಅಂಟಿಸಿದ್ದಾರೆ. ಓದಿ ಕಣ್ಣು ತುಂಬಿ ಬಂತು. ನಮ್ಮ ಮಕ್ಕಳ ನೆತ್ತಿಯ ಬಗ್ಗೆ ಇಷ್ಟು ಮರುಗಿದವರನ್ನು ನಾನು ಈವರೆಗೆ ಕಂಡಿರಲಿಲ್ಲ. ಒಂದೇ ಅನುಮಾನ: ಸಂಜೆ ಮುಳುಗಲು ಹೊರಟ ಸೂರ್ಯನಿಂದಲೂ ತಾವು ಅವರನ್ನು ಕಾಪಾಡುತ್ತಿದ್ದೀರಾ?

ತಾವು ಈ ಕಡೆ ಬೇಸಿಗೆ ಕಳೆದಿರಲಿಕ್ಕಿಲ್ಲ. ಇಲ್ಲಿ ಮಧ್ಯಾಹ್ನ ಯಾರೂ ಹೊರಗೆ ಬರುವುದಿಲ್ಲ. ಅದಕ್ಕೆ ಆದೇಶ ಬೇಕಿಲ್ಲ, ನಾಯಿಗಳಿಗೂ ಗೊತ್ತು. ಹೊತ್ತು ಇಳಿದ ಮೇಲೆ ಅಂಗಳಕ್ಕೆ ನೀರು ಚಿಮುಕಿಸಿ, ಮಲಗುವ ಹೊರಸು ಹೊರಗೆ ಹಾಕುತ್ತೇವೆ. ಊರು ಏಳುವುದೇ ಆಗ, ಮಕ್ಕಳು ಆಡುವುದೂ ಆಗಲೇ. ಮಳೆಗಾಲದಲ್ಲಿ ಇಲ್ಲಿಯ ಕಪ್ಪು ಎರಿ ಮಣ್ಣು ಕಾಲಿಗೆ ಮೆತ್ತಿಕೊಂಡು ಹೆಜ್ಜೆ ಎತ್ತಲು ಬಿಡುವುದಿಲ್ಲ. ಚಳಿಗಾಲದಲ್ಲಿ ಬೇಗ ಕತ್ತಲಾಗುತ್ತದೆ, ಮೈದಾನದ ಕಂಬಕ್ಕೆ ದೀಪ ಇನ್ನೂ ಬಂದಿಲ್ಲ. ಶಾಲೆಗೆ ರಜೆ ಸಿಕ್ಕರೆ ಅರ್ಧ ಮಕ್ಕಳು ಹತ್ತಿ ಬಿಡಿಸಲು ಹೊಲಕ್ಕೆ ಹೋಗಿರುತ್ತಾರೆ. ಉಳಿದದ್ದು ಬೇಸಿಗೆಯ ಈ ಸಂಜೆ ಒಂದೇ. ಅದನ್ನೂ ತಾವು ಬೀಗದೊಳಗಿಟ್ಟರೆ ನಮ್ಮ ಮಕ್ಕಳು ಓಡುವುದು ಯಾವ ಋತುವಿನಲ್ಲಿ?

ಕಾವಲುಗಾರ ದೇವಿಂದ್ರಪ್ಪನನ್ನು ಕೇಳಿದೆ. ಪಾಪ, ಅವನದೇನೂ ತಪ್ಪಿಲ್ಲ.

“ಬಿಸಲಿಗಿ ಮುಚ್ಚು ಅಂತ ಆರ್ಡರ್ ಬಂದದರಿ ಅಕ್ಕಾರ. ಸಂಜಿಗಿ ತೆಗಿ ಅಂತ ಬಂದಿಲ್ಲ. ನಾ ತೆಗದ್ರ ನನ್ನ ನೌಕರಿ ಹೋಗ್ತದ.”

ಆದೇಶವನ್ನು ಮತ್ತೊಮ್ಮೆ ಓದಿದೆ. ಅವನ ಮಾತು ನಿಜ. ಮುಚ್ಚಲು ಹೇಳಿದ್ದೀರಿ, ತೆರೆಯಲು ಹೇಳುವುದನ್ನು ಮರೆತಿದ್ದೀರಿ.

ಈಗ ನನ್ನ ಮಗಳ ವಿಷಯ. ಕಸ್ತೂರಿ ಆರನೆಯ ತರಗತಿ ಮುಗಿಸಿದ್ದಾಳೆ. ಅವಳ ಅಪ್ಪ ತೀರಿಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ನಾನು ದಿನವಿಡೀ ಹೊಲಿಗೆ ಯಂತ್ರದ ಮುಂದೆ. ಅವಳನ್ನು ಮತ್ತೆ ನಗಿಸಿದ್ದು ಆ ಮೈದಾನದ ಖೋ ಖೋ ಆಟ. ಬೀಗ ಬಿದ್ದ ಮೇಲೆ ಗೆಳತಿಯರೆಲ್ಲ ಮೊಬೈಲ್ ಹಿಡಿದು ತಂತಮ್ಮ ಮನೆಯ ಫ್ಯಾನಿನಡಿ ಕುಳಿತರು. ಓಣಿಯಲ್ಲಿ ಆಡಿಸೋಣವೆಂದರೆ ಟ್ರ್ಯಾಕ್ಟರು, ಆಟೋಗಳ ಹೆದರಿಕೆ. ಇವಳು ಮನೆಮನೆಗೆ ಹೋಗಿ ಕರೆದು ಕರೆದು ಕೊನೆಗೆ ಸುಮ್ಮನಾದಳು.

ಮೊನ್ನೆ ಸಂಜೆ ಮನೆಯ ಹಿಂದೆ ಹೋಗಿ ನೋಡಿದರೆ, ಎಂಟು ಇಟ್ಟಿಗೆಗಳನ್ನು ಖೋ ಖೋ ಸಾಲಿನಂತೆ ನಿಲ್ಲಿಸಿದ್ದಾಳೆ. ಸುತ್ತ ಓಡುತ್ತಾ ಒಂದೊಂದನ್ನೂ ತಟ್ಟಿ ಖೋ ಎನ್ನುತ್ತಿದ್ದಾಳೆ. ನನ್ನನ್ನು ಕಂಡು ನಿಂತಳು.

“ಯವ್ವಾ, ಇಟ್ಟಂಗಿ ಏಳಂಗಿಲ್ಲ. ನೀ ಬಂದು ಕೂಡ್ರು.”

ಒಂದು ಇಟ್ಟಿಗೆ ಸರಿಸಿ ಕುಳಿತೆ. ಬೆನ್ನ ಮೇಲೆ ಅವಳ ಅಂಗೈ ಬಿತ್ತು. ಖೋ ಎಂದಳು. ಸೀರೆ ಎತ್ತಿ ಕಟ್ಟಿ ಎದ್ದೆ.

“ಯಾರನ್ನ ಹಿಡೀಲೇ ಕಸ್ತೂರಿ?”

“ಯಾರೂ ಇಲ್ಲ. ಸುಮ್ಮ ಓಡು.”

ಓಡಿದೆ, ಮಾನ್ಯರೇ. ಅಂಥ ಒಂಟಿತನವನ್ನು ನಾನು ಗಂಡ ತೀರಿಕೊಂಡ ದಿನವೂ ಕಂಡಿರಲಿಲ್ಲ.

ನಾನು ಕ್ರೀಡಾಂಗಣ ಕೇಳುತ್ತಿಲ್ಲ, ತರಬೇತುದಾರರನ್ನೂ ಕೇಳುತ್ತಿಲ್ಲ. ಸಂಜೆ ಗೇಟು ತೆರೆಯತಕ್ಕದ್ದು ಎಂದು ಆದೇಶಕ್ಕೆ ಒಂದು ಸಾಲು ಸೇರಿಸಿ. ಕಾಯುವವರು ಬೇಕೆಂದರೆ ಕೈಹೊಲಿಗೆ ಹಿಡಿದು ಗೇಟಿನ ಬಳಿ ನಾನೇ ಕುಳಿತುಕೊಳ್ಳುತ್ತೇನೆ. ಆದರೆ ಮಳೆ ಬೀಳುವ ಮೊದಲೇ ಆಗಬೇಕು. ಆ ಒಂದು ಸಾಲು ಬರೆಯಲೂ ತಮಗೆ ಬಿಡುವಿಲ್ಲವಾದರೆ, ಹೊತ್ತು ಇಳಿದ ಮೇಲೆ ಒಂದು ದಿನ ನಮ್ಮ ಮನೆಗೆ ಬನ್ನಿ. ಸಾಲಿನಲ್ಲಿ ಇನ್ನೂ ಏಳು ಇಟ್ಟಿಗೆಗಳಿವೆ. ತಮಗಾಗಿ ಒಂದನ್ನು ಸರಿಸುತ್ತೇನೆ.

ಇಂತಿ,
ಎಂಟನೆಯ ಇಟ್ಟಿಗೆಯ ಜಾಗದಲ್ಲಿ ಕುಳಿತಿರುವ
ಪಂಚಶೀಲಾ