ಕಾಲು ಬೀಸುವ ಕಪ್ಪೆ

ಕಬ್ಬೂರಿನ ನನ್ನ ಆಯಿಗೆ ಮಾಯಾಳ ನಮಸ್ಕಾರ.

ಕಪ್ಪೆ ಎಣಿಸುವ ತಂಡದೊಂದಿಗೆ ಘಟ್ಟದ ತುದಿಗೆ ಬಂದಿದ್ದೇನೆ. ಇಲ್ಲಿ ಮೋಡ ನೆಲದ ಮೇಲೆಯೇ ನಡೆಯುತ್ತದೆ. ಹಳ್ಳದ ಕಲ್ಲಿನ ಮೇಲೆ ಹೆಬ್ಬೆರಳಷ್ಟೇ ಇರುವ ಒಂದು ಗಂಡು ಕಪ್ಪೆ ಕೂತಿದೆ. ನೀರಿನ ಅಬ್ಬರದಲ್ಲಿ ಅದರ ಕೂಗು ಹೆಣ್ಣಿಗೆ ಕೇಳಿಸದು. ಅದಕ್ಕೇ ಹಿಂಗಾಲು ಚಾಚಿ, ಬೆರಳು ಬಿಡಿಸಿ, ಬಿಳಿ ಬಾವುಟದಂತೆ ಮೆಲ್ಲಗೆ ಬೀಸುತ್ತದೆ. ನೋಡುತ್ತ ನೋಡುತ್ತ ನಾನು ಎಚ್ಚರವಿದ್ದೇನೋ ಇಲ್ಲವೋ ತಿಳಿಯದಾಯಿತು.

ಫೋನಿನಲ್ಲಿ ನೀನು, "ಮಳಿ ಇಲ್ಲ ಬೇ, ಕಪ್ಪಿ ಮದವಿ ಮಾಡಾಕತ್ತೇವಿ. ಅಲ್ಲಿಂದ ಒಂದ ಜೋಡಿ ಡಬ್ಬ್ಯಾಗ ಹಾಕ್ಕೊಂಡ ಬಾ, ಓಣಿ ಮಂದಿಗೆ ಮಾತ ಕೊಟ್ಟೇನಿ" ಅಂದೆ. ನಾನು ತರುವುದಿಲ್ಲ ಆಯಿ. ಹರಿಯುವ ತಣ್ಣೀರು ಬಿಟ್ಟರೆ ಇವು ಬದುಕವು. ಬಸ್ಸು ಚಿಕ್ಕೋಡಿ ಮುಟ್ಟುವುದರೊಳಗೆ ಸತ್ತಿರುತ್ತವೆ. ನಮ್ಮ ಮಳೆಗಾಗಿ ಇನ್ನೊಂದು ಜೀವವನ್ನು ಕೊಲ್ಲುವುದು ಅನ್ಯಾಯ. ಬೈಯುವವರು ನನ್ನನ್ನೇ ಬೈಯಲಿ.

ಜಿಗಣೆ ಕಚ್ಚಿದ್ದು ಬಿಟ್ಟರೆ ಆರಾಮ ಇದ್ದೇನೆ. ನೀನು ಕೊಟ್ಟ ಕಂಬಳಿ ಬೆಚ್ಚಗಿದೆ.

ಅಗೋ, ಹೆಣ್ಣು ಕಪ್ಪೆ ಕಲ್ಲು ಹತ್ತಿ ಬಂದಿತು. ಓಣಿಯವರಿಗೆ ಹೀಗೆ ಹೇಳಿಬಿಡು: ಮದುವೆ ಘಟ್ಟದ ಮೇಲೆಯೇ ಆಯಿತು, ಹೆಣ್ಣಿನ ಕಡೆಯವಳಾಗಿ ನಮ್ಮ ಮಾಯಾ ನಿಂತಿದ್ದಳು.